ಕಳಿಸಿದ್ದು ಖಾಲಿ ಸ್ಟ್ರಿಂಗ್, ಸಿಕ್ಕಿದ್ದು ನಲ್

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಗ್ರಾಹಕರ ನೋಂದಣಿ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿದೆ, ಬಿಲ್ಲಿಂಗ್ ಒರಾಕಲ್ ಡೇಟಾಬೇಸ್‌ನಲ್ಲಿದೆ. ಎರಡನ್ನೂ ಲಿಂಕ್ಡ್ ಸರ್ವರ್ ಮೂಲಕ, ಅಂದರೆ ಎಸ್‌ಕ್ಯೂಎಲ್ ಸರ್ವರ್‌ನಿಂದಲೇ ಒರಾಕಲ್ ಟೇಬಲ್‌ಗಳನ್ನು ಮುಟ್ಟುವ ಸಂಪರ್ಕದಿಂದ, ಜೋಡಿಸಿದ್ದೇವೆ. ರಾತ್ರಿ ಓಡುವ ಒಂದು ಜಾಬ್ ಎರಡೂ ಕಡೆಯ ಹೆಸರು, ವಿಳಾಸ, ಈಮೇಲ್ ಹೋಲಿಸಿ, ಬೇರೆಯಾಗಿರುವ ಸಾಲುಗಳನ್ನು ಒರಾಕಲ್‌ನಲ್ಲಿ ಅಪ್‌ಡೇಟ್ ಮಾಡುತ್ತದೆ. ಯಾರೂ ಏನೂ ಮುಟ್ಟದಿದ್ದರೂ ಪ್ರತಿ ರಾತ್ರಿ ಅವೇ ಸಾಲುಗಳು ಮತ್ತೆ ಮತ್ತೆ ಅಪ್‌ಡೇಟ್ ಆಗುತ್ತಿವೆ. ಈಮೇಲ್ ಕೊಟ್ಟಿರುವ ಗ್ರಾಹಕರನ್ನು ಹುಡುಕಲು ಒರಾಕಲ್ ಟೇಬಲ್ ಮೇಲೆ ‘ಈಮೇಲ್ <> ''’ ಎಂಬ (ಈಮೇಲ್ ಖಾಲಿ ಅಲ್ಲ ಎನ್ನುವ) ಷರತ್ತು ಹಾಕಿದರೆ, ನಾಲ್ಕು ಭಾಗದ ಹೆಸರಿನ (ಸರ್ವರ್, ಡೇಟಾಬೇಸ್, ಸ್ಕೀಮಾ, ಟೇಬಲ್) ಕ್ವೆರಿಯಲ್ಲಿ ಸಾವಿರಾರು ಸಾಲು ಬರುತ್ತವೆ. ಅದೇ ಷರತ್ತನ್ನು, ಕ್ವೆರಿಯನ್ನು ನೇರ ಒರಾಕಲ್‌ಗೇ ಕಳಿಸುವ ಓಪನ್‌ಕ್ವೆರಿಯೊಳಗೆ ಬರೆದರೆ ಒಂದೂ ಬರುವುದಿಲ್ಲ. ಹೊಸ ಗ್ರಾಹಕರನ್ನು ಸೇರಿಸುವಾಗ ಕೆಲವು ಸಲ ಓಆರ್‌ಎ-01400 ದೋಷ ಬರುತ್ತದೆ. ಎರಡನ್ನೂ ಜೋಡಿಸುವ ಡ್ರೈವರ್‌ನಲ್ಲೇ ಬಗ್ ಇದೆ, ಬದಲಿಸಿ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ಖಾಲಿ ಇರುವಲ್ಲೆಲ್ಲ ಒಂದು ಸ್ಪೇಸ್ ತುಂಬಿಬಿಡಿ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವುದು ಮೂರು ತೊಂದರೆಗಳಂತೆ ಕಂಡರೂ ಬೇರು ಒಂದೇ. ಒರಾಕಲ್‌ನಲ್ಲಿ ಅಕ್ಷರಗಳನ್ನಿಡುವ ಸಾಮಾನ್ಯ ಕಾಲಂಗೆ, ಅಂದರೆ ವಾರ್‌ಕ್ಯಾರ್2ಗೆ, ಉದ್ದ ಸೊನ್ನೆಯಿರುವ, ಅಂದರೆ ಖಾಲಿ, ಸ್ಟ್ರಿಂಗ್ ಕೊಟ್ಟರೆ ಅದು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಆಗಿಯೇ ಉಳಿಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಖಾಲಿ ಸ್ಟ್ರಿಂಗ್ ಬೇರೆ, ನಲ್ ಬೇರೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಇತರ ಡೇಟಾಬೇಸುಗಳಲ್ಲೂ ಹಾಗೆಯೇ. ಡ್ರೈವರ್ ಇಲ್ಲಿ ನಿರಪರಾಧಿ. ಅದು ಖಾಲಿ ಸ್ಟ್ರಿಂಗನ್ನು ಸರಿಯಾಗಿಯೇ ಮುಟ್ಟಿಸುತ್ತದೆ. ತೆಗೆದುಕೊಂಡ ಮೇಲೆ ಅದನ್ನು ನಲ್ ಎಂದು ಎಣಿಸುವುದು ಒರಾಕಲ್. ಡ್ರೈವರ್ ಬದಲಿಸಿದರೆ ಒಂದು ವಾರದ ಕೆಲಸ ಹೆಚ್ಚಾದೀತೇ ಹೊರತು ಫಲಿತಾಂಶ ಬದಲಾಗದು.

ಇದು ಬಗ್ ಅಲ್ಲ, ಹಳೆಯ ನಿರ್ಧಾರ. ಒರಾಕಲ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಎಸ್‌ಕ್ಯೂಎಲ್ ಭಾಷೆಗೆ ಮೊದಲ ಅಧಿಕೃತ ಮಾನದಂಡ ಬಂದದ್ದು 1986ರಲ್ಲಿ. ಖಾಲಿ ಸ್ಟ್ರಿಂಗೂ ಒಂದು ಮೌಲ್ಯವೇ, ನಲ್ ಅಲ್ಲ ಎಂದು ಮಾನದಂಡ ಹೇಳುವ ಹೊತ್ತಿಗೆ ಒರಾಕಲ್ ನಂಬಿಕೊಂಡ ಪ್ರೋಗ್ರಾಮುಗಳು ಎಷ್ಟೋ ಓಡುತ್ತಿದ್ದವು. ಈಗ ಅದನ್ನು ತಿದ್ದಿದರೆ ಅವೆಲ್ಲ ಮುರಿಯುತ್ತವೆ. ಆದ್ದರಿಂದ ಒರಾಕಲ್‌ನ ಕೈಪಿಡಿ ಒಂದು ಎಚ್ಚರಿಕೆಯ ಸಾಲನ್ನು ಇಟ್ಟುಕೊಂಡಿದೆ: ಸದ್ಯಕ್ಕೆ ಹೀಗೆ, ಮುಂದೆ ಹೀಗೇ ಇರುತ್ತದೆಂದು ಭಾವಿಸಬೇಡಿ, ಎರಡನ್ನೂ ಒಂದೇ ಎಂದು ಪ್ರೋಗ್ರಾಂ ಬರೆಯಬೇಡಿ. ಆ ‘ಸದ್ಯಕ್ಕೆ’ ದಶಕಗಳಿಂದ ಹಾಗೇ ಇದೆ. ಅದು ಬದಲಾದೀತೆಂದು ಕಾಯುತ್ತ ಕೂರಬೇಕಾಗಿಲ್ಲ. ಅಷ್ಟೇಕೆ, ಒರಾಕಲ್‌ನಿಂದ ಬರುವವರಿಗೆ ಅನುಕೂಲವಾಗಲೆಂದು ಡಿಬಿ2 ಮತ್ತು ಮಾರಿಯಾಡಿಬಿ ಡೇಟಾಬೇಸುಗಳು ಇದೇ ನಡವಳಿಕೆಯನ್ನು ಆಯ್ಕೆಯಾಗಿ ಕೊಟ್ಟಿವೆ. ನಿಮ್ಮ ಬಳಿ ಅವು ಇದ್ದರೆ ಆ ಆಯ್ಕೆ ಆನ್ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಈಗ ನಿಮ್ಮ ಈಮೇಲ್ ಕ್ವೆರಿ. ನಲ್ ಜೊತೆ ಏನನ್ನು ಹೋಲಿಸಿದರೂ ಉತ್ತರ ‘ಹೌದು’ ಅಲ್ಲ, ‘ಅಲ್ಲ’ವೂ ಅಲ್ಲ, ‘ಗೊತ್ತಿಲ್ಲ’. ವೇರ್ ಷರತ್ತು ‘ಹೌದು’ ಬಂದ ಸಾಲನ್ನು ಮಾತ್ರ ಒಳಗೆ ಬಿಡುತ್ತದೆ. ಓಪನ್‌ಕ್ವೆರಿಯೊಳಗೆ ಬರೆದದ್ದು ಅಕ್ಷರಶಃ ಒರಾಕಲ್‌ಗೆ ಹೋಗಿ ಅಲ್ಲೇ ಓಡುತ್ತದೆ. ಒರಾಕಲ್ ಕಣ್ಣಿಗೆ ನೀವು ಬರೆದ '' ಕೂಡ ನಲ್. ಹಾಗಾಗಿ ಪ್ರತಿ ಈಮೇಲನ್ನೂ, ಸರಿಯಾಗಿ ತುಂಬಿದ ಈಮೇಲನ್ನೂ, ಅದು ನಲ್ ಜೊತೆ ಹೋಲಿಸುತ್ತದೆ. ಎಲ್ಲಕ್ಕೂ ‘ಗೊತ್ತಿಲ್ಲ’. ಒಂದು ಸಾಲೂ ಬರುವುದಿಲ್ಲ. ನಾಲ್ಕು ಭಾಗದ ಹೆಸರಿನ ಕ್ವೆರಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಸಾಲುಗಳನ್ನು ತನ್ನ ಕಡೆಗೆ ತರಿಸಿಕೊಂಡು ತಾನೇ ಹೋಲಿಸಿದೆ. ಅದರ ಲೆಕ್ಕದಲ್ಲಿ '' ಒಂದು ಮೌಲ್ಯ. ಈಮೇಲ್ ಇರುವವರೆಲ್ಲ ಪಾಸ್, ನಲ್ ಇರುವವರು ಮಾತ್ರ ಹೊರಗೆ. ಉತ್ತರವೂ ಸರಿಯಾಗಿದೆ.

ಆದರೆ ಆ ಸರಿಯುತ್ತರದ ಮೇಲೆ ಭರವಸೆ ಇಡಬೇಡಿ. ನಾಲ್ಕು ಭಾಗದ ಹೆಸರಿನ ಕ್ವೆರಿಯಲ್ಲಿ ಷರತ್ತನ್ನು ಇಲ್ಲಿ ಓಡಿಸಬೇಕೋ ಅಲ್ಲಿಗೆ ಕಳಿಸಬೇಕೋ ಎಂದು ತೀರ್ಮಾನಿಸುವುದು ಆಪ್ಟಿಮೈಸರ್, ಅಂದರೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ. ಲಿಂಕ್ಡ್ ಸರ್ವರ್‌ನ ‘ಕೊಲೇಷನ್ ಕಂಪ್ಯಾಟಿಬಲ್’ (ಎರಡೂ ಕಡೆಯ ಅಕ್ಷರ ಹೋಲಿಕೆಯ ನಿಯಮ ಒಂದೇ ಎನ್ನುವ) ಆಯ್ಕೆಯನ್ನು ಯಾರಾದರೂ ವೇಗಕ್ಕೆಂದು ಟ್ರೂ ಮಾಡಿದರೆ, ಅಕ್ಷರದ ಕಾಲಂಗಳ ಹೋಲಿಕೆಯನ್ನೂ ಆ ಕಡೆಗೆ ಕಳಿಸಲು ಅದಕ್ಕೆ ಅನುಮತಿ ಸಿಗುತ್ತದೆ. ಆಗ ಕ್ವೆರಿಯ ಒಂದಕ್ಷರ ಬದಲಾಗದೆಯೂ ಉತ್ತರ ಬದಲಾಗಬಹುದು. ಲಿಂಕ್ ಮಾಡಿದ ಡೇಟಾಬೇಸುಗಳ ನಿಜವಾದ ಅಪಾಯ ಇದೇ: ಷರತ್ತಿನ ಅರ್ಥ ಅದು ಎಲ್ಲಿ ಓಡಿತು ಎಂಬುದರ ಮೇಲೆ ನಿಂತಿರುತ್ತದೆ, ಎಲ್ಲಿ ಓಡಿತು ಎಂಬುದು ಕ್ವೆರಿಯ ಮುಖ ನೋಡಿದರೆ ತಿಳಿಯುವುದಿಲ್ಲ. ಎಕ್ಸಿಕ್ಯೂಷನ್ ಪ್ಲಾನ್ (ಕ್ವೆರಿ ಹೇಗೆ ಓಡುತ್ತದೆಂಬ ನಕ್ಷೆ) ತೆರೆದು ‘ರಿಮೋಟ್ ಕ್ವೆರಿ’ ಎಂಬ ಭಾಗದಲ್ಲಿ ಆ ಕಡೆಗೆ ಹೋದ ವಾಕ್ಯವನ್ನು ಓದಿ. ಅನುಮಾನ ಅಲ್ಲೇ ಬಗೆಹರಿಯುತ್ತದೆ. ಒರಾಕಲ್ ಕಡೆಯ ಕಾಲಂಗೆ ‘ಈಸ್ ನಾಟ್ ನಲ್’ ಎಂದು ಬರೆದರೆ ಎಲ್ಲಿ ಓಡಿದರೂ ಉತ್ತರ ಒಂದೇ.

ರಾತ್ರಿ ಜಾಬ್ ವಿಷಯಕ್ಕೆ ಬರೋಣ. ಹೋಲಿಕೆಯನ್ನು ಹೇಗೆ ಬರೆದಿದ್ದಾರೆಂದು ನೀವು ತಿಳಿಸಿಲ್ಲ, ಆದರೂ ಲಕ್ಷಣದಿಂದ ಊಹಿಸಬಹುದು. ಬರೀ ‘<>’ ಹಾಕಿದ್ದರೆ ಖಾಲಿ ಸ್ಟ್ರಿಂಗ್ ಮತ್ತು ನಲ್ ಹೋಲಿಕೆಗೆ ‘ಗೊತ್ತಿಲ್ಲ’ ಬಂದು ಆ ಸಾಲು ಅಪ್‌ಡೇಟ್ ಆಗುತ್ತಲೇ ಇರಲಿಲ್ಲ. ನಿಮ್ಮಲ್ಲಿ ಆಗುತ್ತಿದೆ. ಅಂದರೆ ಯಾರೋ ಮುತುವರ್ಜಿಯಿಂದ ನಲ್ ಜಾಗದಲ್ಲಿ ಒಂದು ವಿಚಿತ್ರ ಚಿಹ್ನೆ ಇಟ್ಟು, ನಲ್‌ಗೂ ನಲ್‌ಗೂ ಸಮ ಎಂದು ಬರುವಂತೆ ಬರೆದಿದ್ದಾರೆ. ಒಳ್ಳೆಯ ಉದ್ದೇಶವೇ. ಆದರೆ ಎಸ್‌ಕ್ಯೂಎಲ್ ಸರ್ವರ್‌ನ ಖಾಲಿ ಸ್ಟ್ರಿಂಗ್ ಖಾಲಿಯಾಗಿಯೇ ಉಳಿಯಿತು, ಒರಾಕಲ್‌ನ ನಲ್ ಚಿಹ್ನೆಯಾಯಿತು. ಬೇರೆ ಬೇರೆ ಎಂದು ತೀರ್ಪು ಬಂತು, ಜಾಬ್ ಖಾಲಿ ಸ್ಟ್ರಿಂಗನ್ನು ಒರಾಕಲ್‌ಗೆ ಬರೆಯಿತು, ಒರಾಕಲ್ ಅದನ್ನು ನಲ್ ಮಾಡಿಕೊಂಡಿತು. ಮರುರಾತ್ರಿ ಅದೇ ಕತೆ. ಎತ್ತು ಏರಿಗೆ, ಕೋಣ ನೀರಿಗೆ.

ಬರೀ ‘<>’ ಹಾಕಿದವರಿಗೆ ಇದರ ತದ್ವಿರುದ್ಧ ಕಾಯಿಲೆ, ಮತ್ತು ನನ್ನ ಅನುಭವದಲ್ಲಿ ಅದೇ ಹೆಚ್ಚು ಕೆಟ್ಟದ್ದು. ಗ್ರಾಹಕರು ತಮ್ಮ ಈಮೇಲ್ ತೆಗೆಸಿಹಾಕುತ್ತಾರೆ, ಒಂದು ಕಡೆ ನಲ್ ಆಗುತ್ತದೆ, ಹೋಲಿಕೆಗೆ ‘ಗೊತ್ತಿಲ್ಲ’ ಬರುತ್ತದೆ, ಬಿಲ್ಲಿಂಗ್‌ನಲ್ಲಿ ಹಳೆಯ ಈಮೇಲ್ ವರ್ಷಗಟ್ಟಲೆ ಉಳಿದುಬಿಡುತ್ತದೆ. ದಿನಾ ಗಲಾಟೆ ಮಾಡುವ ದೋಷವನ್ನಾದರೂ ಯಾರೋ ಹಿಡಿಯುತ್ತಾರೆ. ಇದು ಬಾಯಿ ಬಿಡುವುದೇ ಇಲ್ಲ.

ಓಆರ್‌ಎ-01400 ಈಗ ತಾನೇ ಅರ್ಥವಾಗಿರಬೇಕು. ‘ನಾಟ್ ನಲ್’ ಎಂದು ಗುರುತಿಸಿದ ಒರಾಕಲ್ ಕಾಲಂಗೆ ನಲ್ ಸೇರಿಸಲಾಗದು ಎಂಬುದು ಅದರ ದೂರು. ನಿಮ್ಮ ಎಸ್‌ಕ್ಯೂಎಲ್ ಸರ್ವರ್ ಟೇಬಲ್‌ನಲ್ಲೂ ಅದೇ ಕಾಲಂ ‘ನಾಟ್ ನಲ್’ ಇರಬಹುದು, ಡಿಫಾಲ್ಟ್ ಖಾಲಿ ಸ್ಟ್ರಿಂಗ್ ಇರಬಹುದು. ಇಲ್ಲಿ ನಿಯಮ ಪಾಲನೆಯಾಗಿದೆ, ಅಲ್ಲಿ ಅದೇ ಮೌಲ್ಯ ನಿಯಮ ಮುರಿಯುತ್ತದೆ. ಅಪ್‌ಡೇಟ್ ಮಾಡುವಾಗ ಇದೇ ತೊಂದರೆ ಓಆರ್‌ಎ-01407 ಎಂಬ ಸಂಖ್ಯೆಯಲ್ಲಿ ಬರುತ್ತದೆ.

ಸ್ಪೇಸ್ ತುಂಬುವ ಸಲಹೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಪೀಪಲ್‌ಸಾಫ್ಟ್‌ನಂಥ ದೊಡ್ಡ ಪ್ಯಾಕೇಜ್ ಇದೇ ಪದ್ಧತಿ ಹಿಡಿದು ನಡೆದಿದೆ: ಅಕ್ಷರದ ಕಾಲಂ ಖಾಲಿಯಿದ್ದರೆ ಒಂದು ಸ್ಪೇಸ್. ಆದರೆ ಅಲ್ಲಿ ಪ್ರತಿ ಪ್ರೋಗ್ರಾಮೂ ಆ ಪದ್ಧತಿ ಗೊತ್ತಿದ್ದೇ ಬರೆದದ್ದು. ನಿಮ್ಮ ಕಡೆ ಹಾಗಿಲ್ಲ. ಎಸ್‌ಕ್ಯೂಎಲ್ ಸರ್ವರ್ ಹೋಲಿಸುವಾಗ ಕೊನೆಯ ಸ್ಪೇಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಖಾಲಿ ಸ್ಟ್ರಿಂಗ್ ಮತ್ತು ಒಂದು ಸ್ಪೇಸ್ ಅದಕ್ಕೆ ಸಮ, ಉದ್ದ ಎಣಿಸುವ ಲೆನ್ ಫಂಕ್ಷನ್ ಎರಡಕ್ಕೂ ಸೊನ್ನೆ ಹೇಳುತ್ತದೆ. ಒರಾಕಲ್‌ನ ವಾರ್‌ಕ್ಯಾರ್2ಗೆ ಸ್ಪೇಸ್ ಒಂದು ನಿಜವಾದ ಅಕ್ಷರ. ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಂಗೂ ಹಾಗೆಯೇ. ಇನ್ನು ಒರಾಕಲ್ ಕಡೆ ಯಾರಾದರೂ ಒಂದು ವರದಿಯಲ್ಲಿ ಟ್ರಿಮ್ ಹಾಕಿದರೋ, ಸ್ಪೇಸ್ ಉದುರಿ ಮತ್ತೆ ನಲ್. ಅಂದರೆ ಇದ್ದ ಎರಡು ಬಗೆಯ ಖಾಲಿಯ ಜೊತೆಗೆ ಮೂರನೆಯದನ್ನು ತಂದುಕೊಂಡಂತಾಯಿತು, ಅದೂ ಪರದೆಯ ಮೇಲೆ ಕಣ್ಣಿಗೆ ಕಾಣದ್ದು. ಬೇಡ.

ಇನ್ನೊಂದು ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಆನ್ಸಿ ನಲ್ಸ್’ ಆಫ್ ಮಾಡಿದರೆ ‘= ನಲ್’ ಎಂಬ ಹೋಲಿಕೆ ಕೆಲಸ ಮಾಡುತ್ತದೆ ಎಂದು. ಲಿಂಕ್ಡ್ ಸರ್ವರ್ ಕ್ವೆರಿಗಳಿಗೆ ಆ ಸೆಟ್ಟಿಂಗ್ ಆನ್ ಇರಲೇಬೇಕು, ಇಲ್ಲದಿದ್ದರೆ ಕ್ವೆರಿ ಓಡುವುದೇ ಇಲ್ಲ. ಆ ಬಾಗಿಲು ಮುಚ್ಚಿದೆ.

ಹಾಗಾದರೆ ದಾರಿ ಯಾವುದು? ತಾಂತ್ರಿಕ ಉತ್ತರಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ನಿಮ್ಮ ನೋಂದಣಿ ವಿಭಾಗದವರಿಗೆ ಕೇಳಿ: ಈಮೇಲ್ ಪೆಟ್ಟಿಗೆ ಖಾಲಿ ಇದ್ದರೆ ‘ಈಮೇಲ್ ಇಲ್ಲ ಎಂದರು’ ಎಂದರ್ಥವೋ, ‘ನಾವು ಕೇಳಲಿಲ್ಲ’ ಎಂದರ್ಥವೋ? ಬಹುಪಾಲು ಸಂಸ್ಥೆಗಳಲ್ಲಿ ಉತ್ತರ ‘ಎರಡಕ್ಕೂ ವ್ಯತ್ಯಾಸ ಮಾಡಿಲ್ಲ’ ಎಂದೇ ಬರುತ್ತದೆ. ಕಾರಣ ಸರಳ. ವೆಬ್ ಫಾರಂನಲ್ಲಿ ಏನೂ ಬರೆಯದ ಪಠ್ಯದ ಪೆಟ್ಟಿಗೆ ಖಾಲಿ ಸ್ಟ್ರಿಂಗ್ ಆಗಿಯೇ ಸರ್ವರ್‌ಗೆ ಬರುತ್ತದೆ, ಪ್ರೋಗ್ರಾಂ ಅದನ್ನು ಹಾಗೇ ಟೇಬಲ್‌ಗೆ ತುಂಬುತ್ತದೆ. ನಿಮ್ಮ ಟೇಬಲ್‌ನಲ್ಲಿರುವ ಖಾಲಿ ಸ್ಟ್ರಿಂಗುಗಳಲ್ಲಿ ಹೆಚ್ಚಿನವನ್ನು ಯಾರೂ ಯೋಚಿಸಿ ಇಟ್ಟದ್ದಲ್ಲ.

ವ್ಯತ್ಯಾಸ ಇಲ್ಲ ಎಂದಾದರೆ ಎಲ್ಲೆಡೆ ನಲ್ ಎಂಬ ನಿಯಮವೇ ನನ್ನ ಆಯ್ಕೆ. ಎರಡು ಕಡೆಗಳಲ್ಲಿ ಒಂದಕ್ಕೆ ಖಾಲಿ ಸ್ಟ್ರಿಂಗ್ ಇಟ್ಟುಕೊಳ್ಳುವ ಶಕ್ತಿಯೇ ಇಲ್ಲದಿರುವಾಗ, ಎರಡಕ್ಕೂ ಸಾಧ್ಯವಿರುವ ರೂಪವನ್ನು ಹಿಡಿಯುವುದು ಲೇಸು. ಎಸ್‌ಕ್ಯೂಎಲ್ ಸರ್ವರ್ ಕಡೆ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿ, ಅದರಲ್ಲಿ ಪ್ರತಿ ಅಕ್ಷರದ ಕಾಲಂಗೂ ‘ನಲ್‌ಇಫ್’ ಹಾಕಿ ಖಾಲಿ ಇದ್ದುದನ್ನು ನಲ್ ಮಾಡಿ. ಬರೀ ಸ್ಪೇಸ್ ತುಂಬಿದ ಮೌಲ್ಯವನ್ನೂ ಅದು ನಲ್ ಮಾಡುತ್ತದೆ, ಮೇಲೆ ಹೇಳಿದ ಕೊನೆಯ ಸ್ಪೇಸ್ ನಿಯಮದಿಂದಾಗಿ. ಒರಾಕಲ್‌ಗೆ ಹೋಗುವ ಎಲ್ಲ ಕ್ವೆರಿ, ಎಲ್ಲ ಜಾಬ್ ಈ ವ್ಯೂ ಮೂಲಕವೇ ಹೋಗಲಿ. ಒಂದೊಂದು ಜಾಬ್‌ನಲ್ಲಿ ಒಂದೊಂದು ರೀತಿ ಪರಿವರ್ತನೆ ಬರೆದರೆ ಆರು ತಿಂಗಳಲ್ಲಿ ಯಾವುದು ಎಲ್ಲಿದೆ ಎಂದು ಬರೆದವರಿಗೇ ತಿಳಿಯದು. ಹೋಲಿಕೆಗೆ ಎಸ್‌ಕ್ಯೂಎಲ್ ಸರ್ವರ್ 2022 ಇದ್ದರೆ ‘ಈಸ್ ಡಿಸ್ಟಿಂಕ್ಟ್ ಫ್ರಮ್’ ಬಳಸಿ. ನಲ್ ಎರಡೂ ಕಡೆ ಇದ್ದರೆ ಅದು ಸಮ ಎನ್ನುತ್ತದೆ, ಒಂದೇ ಕಡೆ ಇದ್ದರೆ ಬೇರೆ ಎನ್ನುತ್ತದೆ. ಹಳೆಯ ಆವೃತ್ತಿಯಾದರೆ ‘ಎಕ್ಸಿಸ್ಟ್ಸ್’ ಒಳಗೆ ‘ಎಕ್ಸೆಪ್ಟ್’ ಹಾಕಿಯೂ ಅದನ್ನೇ ಸಾಧಿಸಬಹುದು. ಒರಾಕಲ್ ಕಡೆಯೇ ಹೋಲಿಸುವುದಾದರೆ ಡಿಕೋಡ್ ಫಂಕ್ಷನ್ ಎರಡು ನಲ್‌ಗಳನ್ನು ಸಮವೆಂದೇ ನೋಡುತ್ತದೆ. ವಿಚಿತ್ರ ಚಿಹ್ನೆಗಳ ಸಹವಾಸ ಆಗ ಬೇಡ.

ಈ ದಾರಿಗೂ ಮುಳ್ಳುಗಳಿವೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರುಗಳನ್ನು ‘+’ ಹಾಕಿ ಜೋಡಿಸುತ್ತಿದ್ದರೆ, ನಡುವಿನದು ನಲ್ ಆದ ಕೂಡಲೇ ಇಡೀ ಹೆಸರು ನಲ್. ಪತ್ರದ ಮೇಲೆ ಹೆಸರೇ ಮುದ್ರಣವಾಗದು. ಒರಾಕಲ್‌ನಲ್ಲಿ ಜೋಡಿಸುವಾಗ ನಲ್ ಇದ್ದರೆ ಏನೂ ಇಲ್ಲದಂತೆ ಉಳಿದದ್ದು ಉಳಿಯುತ್ತದೆ, ಹಾಗಾಗಿ ಆ ಕಡೆ ಪರೀಕ್ಷಿಸಿದವರಿಗೆ ಇದು ಗೋಚರಿಸುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಕಾನ್‌ಕ್ಯಾಟ್ ಫಂಕ್ಷನ್ ನಲ್ ಅನ್ನು ಖಾಲಿ ಸ್ಟ್ರಿಂಗ್ ಎಂದು ಎಣಿಸುತ್ತದೆ, ಅದನ್ನು ಬಳಸಿ. ಆದರೆ ಅದೇ ಹೆಸರಿನ ಮೈಎಸ್‌ಕ್ಯೂಎಲ್ ಫಂಕ್ಷನ್‌ಗೆ ಒಂದು ನಲ್ ಸಿಕ್ಕರೂ ಸಾಕು, ಇಡೀ ಉತ್ತರ ನಲ್; ಹೆಸರು ಒಂದೇ ಎಂದು ನಂಬಿ ಕೋಡ್ ನಕಲು ಮಾಡಬೇಡಿ. ‘ನಾಟ್ ಇನ್’ (ಪಟ್ಟಿಯಲ್ಲಿ ಇಲ್ಲದ್ದು) ಇರುವ ಕ್ವೆರಿಗಳನ್ನು ಹುಡುಕಿ ನೋಡಿ: ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ನುಸುಳಿದರೆ ಹೊರಗಿನ ಕ್ವೆರಿಗೆ ಒಂದು ಸಾಲೂ ಸಿಗದು. ‘ನಾಟ್ ಎಕ್ಸಿಸ್ಟ್ಸ್’ ಎಂದು ಬರೆದರೆ ಆ ಭಯವಿಲ್ಲ. ಇನ್ನು ಈಮೇಲ್ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಮೌಲ್ಯ ಎರಡು ಸಲ ಬಾರದಂತೆ ತಡೆಯುವುದು) ಹಾಕುವ ಯೋಚನೆಯಿದ್ದರೆ, ಎಸ್‌ಕ್ಯೂಎಲ್ ಸರ್ವರ್ ಒಂದೇ ನಲ್‌ಗೆ ಜಾಗ ಕೊಡುತ್ತದೆ. ಒರಾಕಲ್‌ನಲ್ಲಿ ಒಂದೇ ಕಾಲಂನ ಯೂನಿಕ್ ಇಂಡೆಕ್ಸ್ ಎಷ್ಟು ನಲ್ ಇದ್ದರೂ ಬಿಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಈಮೇಲ್ ಈಸ್ ನಾಟ್ ನಲ್’ ಎಂಬ ಷರತ್ತಿನ ಫಿಲ್ಟರ್ಡ್ ಇಂಡೆಕ್ಸ್ ಮಾಡಿಕೊಂಡರೆ ಎರಡೂ ಕಡೆ ಸರಿಹೋಗುತ್ತದೆ. 2008ರ ಆವೃತ್ತಿಯಿಂದ ಅದು ಲಭ್ಯವಿದೆ.

ಮತ್ತೆ ಖಾಲಿ ಸ್ಟ್ರಿಂಗ್ ಒಳಗೆ ಬಾರದಂತೆ ‘ಈಮೇಲ್ <> ''’ ಎಂಬ ಚೆಕ್ ನಿಯಮವನ್ನು ಎಸ್‌ಕ್ಯೂಎಲ್ ಸರ್ವರ್ ಟೇಬಲ್‌ಗೆ ಹಾಕಬಹುದು. ಚೆಕ್ ನಿಯಮಕ್ಕೆ ‘ಗೊತ್ತಿಲ್ಲ’ ಕೂಡ ಒಪ್ಪಿಗೆಯೇ, ಆದ್ದರಿಂದ ನಲ್ ಬರಬಹುದು, ಖಾಲಿ ಸ್ಟ್ರಿಂಗ್ ಬರಲಾರದು. ಅದೇ ನಿಯಮವನ್ನು ಸಮಾನತೆಗೆಂದು ಒರಾಕಲ್ ಟೇಬಲ್‌ಗೂ ಹಾಕಿದವರನ್ನು ನೋಡಿದ್ದೇನೆ. ಅಲ್ಲಿ ಅದಕ್ಕೆ ಎಂದೆಂದೂ ‘ಗೊತ್ತಿಲ್ಲ’ವೇ ಉತ್ತರ. ಯಾವ ಸಾಲನ್ನೂ ತಡೆಯದ ಕಾವಲು.

ಎರಡನೆಯ ದಾರಿ, ಎಸ್‌ಕ್ಯೂಎಲ್ ಸರ್ವರ್ ಕಡೆ ಎಲ್ಲವನ್ನೂ ಖಾಲಿ ಸ್ಟ್ರಿಂಗ್ ಆಗಿ ಉಳಿಸಿಕೊಂಡು, ಒರಾಕಲ್‌ನಿಂದ ಓದುವಾಗ ‘ಕೋಲೆಸ್’ ಮೂಲಕ ನಲ್ ಅನ್ನು ಖಾಲಿಗೆ ತಿರುಗಿಸುವುದು. ನೋಂದಣಿ ಪ್ರೋಗ್ರಾಂ ಹಳೆಯದಾಗಿದ್ದು ನಲ್ ಕಂಡರೆ ಬೀಳುವಂತಿದ್ದರೆ ಇದೇ ವಾಸಿ. ತಿರುಗಿಸುವ ಕೆಲಸ ಎಸ್‌ಕ್ಯೂಎಲ್ ಸರ್ವರ್ ಕಡೆಯೇ ನಡೆಯಬೇಕು ಎಂಬುದನ್ನು ಮರೆಯಬೇಡಿ. ಓಪನ್‌ಕ್ವೆರಿಯೊಳಗೆ, ಒರಾಕಲ್‌ನಲ್ಲಿ, ಎನ್‌ವಿಎಲ್ ಹಾಕಿ '' ಕೊಟ್ಟರೆ ನಲ್ ಬದಲಿಗೆ ನಲ್ ಇಟ್ಟಂತಾಯಿತು. ಕಾಲಂ ಸುತ್ತ ಫಂಕ್ಷನ್ ಹಾಕಿ ವೇರ್ ಷರತ್ತಿನಲ್ಲಿ ಬಳಸಿದರೆ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ದೊಡ್ಡ ಟೇಬಲ್ ಆದರೆ ಪೂರ್ತಿ ಓದಬೇಕಾಗುತ್ತದೆ. ಮುಖ್ಯವಾಗಿ, ಈ ಉಪಾಯ ಅಕ್ಷರದ ಕಾಲಂಗೆ ಮಾತ್ರ. ದಿನಾಂಕ, ಸಂಖ್ಯೆಗಳಿಗೆ ಖಾಲಿ ರೂಪವೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಖಾಲಿ ಸ್ಟ್ರಿಂಗನ್ನು ಪೂರ್ಣಾಂಕಕ್ಕೆ ತಿರುಗಿಸಿದರೆ ದೋಷ ಕೊಡದೆ 0 ಕೊಡುತ್ತದೆ, ಡೇಟ್‌ಟೈಮ್‌ಗೆ ತಿರುಗಿಸಿದರೆ 1900ರ ಜನವರಿ 1 ಕೊಡುತ್ತದೆ. ಪೋಸ್ಟ್‌ಗ್ರೆಸ್ ಇಂಥಲ್ಲಿ ದೋಷ ಕೊಟ್ಟು ನಿಲ್ಲುತ್ತದೆ, ಅದೇ ಉಪಕಾರ. ನಿಮ್ಮ ಗ್ರಾಹಕರಲ್ಲಿ 1900ರ ಜನವರಿ 1ರಂದು ಹುಟ್ಟಿದವರು ಬಹಳ ಮಂದಿ ಕಂಡರೆ ಕಾರಣ ಇದೇ ಇರಬೇಕು.

ವ್ಯತ್ಯಾಸ ನಿಜಕ್ಕೂ ಬೇಕು, ‘ಇಲ್ಲ ಎಂದರು’ ಮತ್ತು ‘ಕೇಳಿಲ್ಲ’ ಬೇರೆ ಬೇರೆ ಎಂದು ನೋಂದಣಿಯವರು ಹೇಳಿದರೆ? ಆಗ ಖಾಲಿ ಸ್ಟ್ರಿಂಗ್ ಮತ್ತು ನಲ್ ಮೂಲಕ ಅದನ್ನು ಹೇಳುವ ಆಸೆ ಬಿಡಿ. ಒರಾಕಲ್ ಮುಟ್ಟಿದ ಕ್ಷಣ ಆ ವ್ಯತ್ಯಾಸ ಅಳಿಸಿಹೋಗುತ್ತದೆ, ಹಿಂದಿರುಗಿ ಬರುವಾಗ ತರಲಾಗದು. ‘ಈಮೇಲ್ ಸ್ಥಿತಿ’ ಎಂಬ ಇನ್ನೊಂದು ಕಾಲಂ ಇಡಿ, ಅದರಲ್ಲಿ ಬಾಯಿಬಿಟ್ಟು ಹೇಳಿ. ರಿಲೇಷನಲ್ ಮಾದರಿಯನ್ನು ಕೊಟ್ಟ ಎಡ್ಗರ್ ಕಾಡ್ ಅವರಿಗೂ ಒಂದೇ ನಲ್ ಸಾಲದೆನಿಸಿತ್ತು. ಮೌಲ್ಯ ಇದೆ ಆದರೆ ತಿಳಿದಿಲ್ಲ ಎಂಬುದಕ್ಕೆ ಒಂದು ಗುರುತು, ಈ ಸಾಲಿಗೆ ಅದು ಅನ್ವಯಿಸುವುದೇ ಇಲ್ಲ ಎಂಬುದಕ್ಕೆ ಇನ್ನೊಂದು ಎಂದು ಅವರು ಪ್ರತಿಪಾದಿಸಿದರು. ಈ ಪತ್ರದಲ್ಲಿ ಹೆಸರಿಸಿದ ಯಾವ ಡೇಟಾಬೇಸೂ ಅದನ್ನು ತೆಗೆದುಕೊಳ್ಳಲಿಲ್ಲ. ನಾವೇ ಕಾಲಂ ಇಟ್ಟುಕೊಳ್ಳಬೇಕು.

ನೇರ ಲಿಂಕ್ ಬಿಟ್ಟು ಫೈಲ್ ಮೂಲಕ ಕಳಿಸಿದರೆ ಸಮಸ್ಯೆ ತಪ್ಪೀತೇ ಎಂದರೆ, ಇಲ್ಲ, ರೂಪ ಬದಲಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಬಿಸಿಪಿ ಎಂಬ ಸಾಧನ ಪಠ್ಯದ ಫೈಲ್ ಬರೆಯುವಾಗ ನಲ್ ಅನ್ನು ಖಾಲಿ ಬಿಡುತ್ತದೆ, ಖಾಲಿ ಸ್ಟ್ರಿಂಗನ್ನು ಕಣ್ಣಿಗೆ ಕಾಣದ ಸೊನ್ನೆ ಕೋಡಿನ ಅಕ್ಷರವಾಗಿ ಬರೆಯುತ್ತದೆ. ಪೋಸ್ಟ್‌ಗ್ರೆಸ್ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಫೈಲ್) ಓದುವಾಗ ಉದ್ಧರಣ ಚಿಹ್ನೆಯಿಲ್ಲದ ಖಾಲಿ ಜಾಗ ನಲ್, ಚಿಹ್ನೆಯೊಳಗಿನ ಖಾಲಿ ಜಾಗ ಖಾಲಿ ಸ್ಟ್ರಿಂಗ್. ನಡುವೆ ಯಾರಾದರೂ ಆ ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದರೆ ಈ ಸೂಕ್ಷ್ಮಗಳು ಉಳಿಯುತ್ತವೆಂದು ನಂಬುವಂತಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ರಾತ್ರಿ ಜಾಬ್‌ನ ಹೋಲಿಕೆ ತಿದ್ದಿ, ದತ್ತಾಂಶ ಮುಟ್ಟಬೇಡಿ. ಅಷ್ಟರಿಂದಲೇ ಪ್ರತಿರಾತ್ರಿಯ ಗದ್ದಲ ನಿಲ್ಲುತ್ತದೆ. ಬಳಿಕ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರತಿ ಕಾಲಂಗೆ ಎಷ್ಟು ನಲ್, ಎಷ್ಟು ಖಾಲಿ, ಎಷ್ಟು ಬರೀ ಸ್ಪೇಸ್ ಎಂದು ಬೇರೆ ಬೇರೆ ಎಣಿಸಿ. ಲೆನ್ ಇಲ್ಲಿ ಮೋಸ ಮಾಡುತ್ತದೆ, ಡೇಟಾಲೆಂತ್ ಬಳಸಿ. ಒರಾಕಲ್‌ನಲ್ಲಿ ಸಿಎಲ್‌ಒಬಿ (ಬಹಳ ಉದ್ದದ ಪಠ್ಯವಿಡುವ) ಕಾಲಂ ಇದ್ದರೆ ಅದನ್ನು ಪ್ರತ್ಯೇಕವಾಗಿ ನೋಡಿ. ಅಲ್ಲಿ ಉದ್ದ ಸೊನ್ನೆಯಿರುವ, ಆದರೆ ನಲ್ ಅಲ್ಲದ ಮೌಲ್ಯ ಇರಲು ಸಾಧ್ಯ. ಹಳೆಯ ಖಾಲಿ ಸ್ಟ್ರಿಂಗುಗಳನ್ನು ನಲ್ ಮಾಡುವ ದೊಡ್ಡ ಅಪ್‌ಡೇಟ್ ಕೊನೆಗೆ. ಅದು ಟ್ರಿಗರ್‌ಗಳನ್ನು (ಸಾಲು ಬದಲಾದಾಗ ತಾವಾಗಿ ಓಡುವ ಕೋಡ್) ಎಬ್ಬಿಸುತ್ತದೆ, ‘ಕೊನೆಯ ಬದಲಾವಣೆ’ ಎಂಬ ದಿನಾಂಕದ ಕಾಲಂ ಇದ್ದರೆ ಲಕ್ಷಾಂತರ ಸಾಲುಗಳಲ್ಲಿ ಅದು ಇವತ್ತಿನದಾಗುತ್ತದೆ, ಆ ದಿನಾಂಕ ನಂಬಿದ ಬೇರೆ ಜಾಬ್‌ಗಳು ಎಲ್ಲವನ್ನೂ ಹೊಸದೆಂದು ಎಳೆದುಕೊಳ್ಳುತ್ತವೆ. ಟ್ರಿಗರ್‌ಗಳ ಪಟ್ಟಿ ನೋಡಿಕೊಂಡು, ತುಂಡು ತುಂಡಾಗಿ ಮಾಡಿ.

ಓಆರ್‌ಎ-01400 ಕೊಡುವ ಕಾಲಂಗಳಿಗೆ ಮಾತ್ರ ಇದ್ಯಾವುದೂ ಪರಿಹಾರವಲ್ಲ. ಬಿಲ್ಲಿಂಗ್‌ನವರು ಅಲ್ಲಿ ‘ನಾಟ್ ನಲ್’ ಹಾಕಿದ್ದಕ್ಕೆ ಕಾರಣ ಇರಬಹುದು: ವಿಳಾಸದ ಮೊದಲ ಸಾಲಿಲ್ಲದೆ ಬಿಲ್ ಎಲ್ಲಿಗೆ ಕಳಿಸುವುದು? ಕಾರಣ ಇದೆ ಎಂದಾದರೆ ನೋಂದಣಿಯಲ್ಲೇ ಆ ಪೆಟ್ಟಿಗೆಯನ್ನು ಕಡ್ಡಾಯ ಮಾಡಿಸಿ. ಅಲ್ಲಿಯವರೆಗೆ ಅಂಥ ಸಾಲುಗಳನ್ನು ಒಂದು ಪ್ರತ್ಯೇಕ ಟೇಬಲ್‌ಗೆ ತಳ್ಳಿ, ಬೆಳಿಗ್ಗೆ ಯಾರಾದರೂ ನೋಡುವಂತೆ ಮಾಡಿ. ಒಂದು ಸಾಲಿನ ದೋಷಕ್ಕೆ ಇಡೀ ರಾತ್ರಿಯ ಜಾಬ್ ಉರುಳಬಾರದು. ಕಾರಣ ಇಲ್ಲ, ಹಳೆಯ ಕಾಲದಲ್ಲಿ ಯಾರೋ ಹಾಕಿದ್ದು ಎಂದಾದರೆ, ಬಿಲ್ಲಿಂಗ್ ತಂತ್ರಾಂಶ ಕೊಟ್ಟವರ ಲಿಖಿತ ಒಪ್ಪಿಗೆ ಪಡೆದು ಆ ನಿರ್ಬಂಧ ತೆಗೆಸಿ. ಅವರನ್ನು ಕೇಳದೆ ನೀವೇ ತೆಗೆಯಬೇಡಿ, ಅವರ ಪ್ರೋಗ್ರಾಂ ಆ ಕಾಲಂನಲ್ಲಿ ನಲ್ ಬಂದೀತೆಂದು ಎಣಿಸಿಯೇ ಇರಲಿಕ್ಕಿಲ್ಲ.